ಬೆಕ್ಕು ಒಂದೇ, ತಲೆ ಮೂರು: ಐರಿಷ್ ಪದಗಳು ಶುರುವಿನಲ್ಲೇ ಯಾಕೆ ಬದಲಾಗುತ್ತವೆ?

ಪ್ರಶ್ನೆ: ಸರ್, ನಾವು ಡಬ್ಲಿನ್‌ಗೆ ಬಂದು ಮೂರು ವರ್ಷ ಆಯಿತು. ಮಗಳು ಮೀರಾಗೆ ಎಂಟು ವರ್ಷ, ಸ್ಕೂಲಿನಲ್ಲಿ ಐರಿಷ್ ಕಲಿಸುತ್ತಾರೆ. ಹೋಂವರ್ಕಿನಲ್ಲಿ ಬೆಕ್ಕಿಗೆ ಒಂದು ಸಾಲಿನಲ್ಲಿ ‘ಸಿ-ಎ-ಟಿ’, ಇನ್ನೊಂದರಲ್ಲಿ ‘ಸಿ-ಎಚ್-ಎ-ಟಿ’, ಮತ್ತೊಂದರಲ್ಲಿ ‘ಜಿ-ಸಿ-ಎ-ಟಿ’ ಅಂತ ಇದೆ. ಡಿಕ್ಷನರಿಯಲ್ಲಿ ಮೊದಲನೆಯದು ಮಾತ್ರ ಸಿಗುತ್ತದೆ. ಇದಕ್ಕೆ ನಿಯಮ ಅಂತ ಇದೆಯಾ, ಇಲ್ಲ ಸುಮ್ನೆ ಬಾಯಿಪಾಠ ಮಾಡಬೇಕಾ? ಇನ್ನೊಂದು ವಿಷಯ, ಟೀಚರ್ ಅವಳನ್ನು ‘ವೀರಾ’ ಅಂತ ಕರೆಯುತ್ತಾರಂತೆ. ಅಷ್ಟು ಸುಲಭದ ಹೆಸರೂ ಅವರ ಬಾಯಿಗೆ ಬರಲ್ವಾ?

ಉತ್ತರ: ನಿಯಮ ಇದೆ ಮೇಡಂ. ಟೀಚರ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಸ್ಕೂಲಿಗೆ ಹೋಗಿ ಜಗಳ ಆಡಬೇಡಿ.

ಮೊದಲು ಆ ಬೆಕ್ಕನ್ನು ನೋಡೋಣ. ಮೀರಾಳ ಪುಸ್ತಕದ ಮೂರು ಸಾಲು ಹೆಚ್ಚುಕಡಿಮೆ ಹೀಗಿರಬೇಕು: ಶಾನ್ ಮತ್ತು ಅವನ ಬೆಕ್ಕು, ಮಾರ್ಯ ಮತ್ತು ಅವಳ ಬೆಕ್ಕು, ಶಾನ್ ಮತ್ತು ಮಾರ್ಯ ಮತ್ತು ಅವರ ಬೆಕ್ಕು. ಅವನ, ಅವಳ, ಅವರ, ಈ ಮೂರಕ್ಕೂ ಐರಿಷ್‌ನಲ್ಲಿ ಇರುವುದು ಒಂದೇ ಪದ, ಬರೀ ‘ಅ’. ಮೂರನ್ನೂ ಬೇರೆ ಮಾಡಿ ತೋರಿಸುವ ಕೆಲಸ ಬೆಕ್ಕಿನ ತಲೆಗೆ ಬಿದ್ದಿದೆ. ‘ಅ ಖತ್’ ಅಂದರೆ ಅವನ ಬೆಕ್ಕು. ಇಲ್ಲಿ ಖ ನಮ್ಮ ಮಹಾಪ್ರಾಣ ಅಲ್ಲ, ಉರ್ದು ಮಾತಾಡುವವರು ‘ಖಬರ್’ ಅನ್ನುವಾಗ ಗಂಟಲು ಉಜ್ಜುತ್ತಾರಲ್ಲ, ಅದು. ‘ಅ ಕತ್’ ಅಂದರೆ ಅವಳ ಬೆಕ್ಕು. ‘ಅ ಗತ್’ ಅಂದರೆ ಅವರ ಬೆಕ್ಕು. ಅಂದಹಾಗೆ ಕೊನೆಯ ಅಕ್ಷರವನ್ನು ಬೇಕಂತಲೇ ತ್ ಅಂತ ಬರೆದಿದ್ದೇನೆ. ಐರಿಷ್‌ನ ದಪ್ಪ ಟಿ ಮತ್ತು ಡಿ ನಮ್ಮ ತ, ದ ಥರ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನಿಂದ ಬಂದವರು ಇಲ್ಲಿ ಒದ್ದಾಡುತ್ತಾರೆ, ಮೀರಾಗೆ ಅದು ಪುಕ್ಕಟೆ ಬಂದಿದೆ.

ನಿಮಗೆ ವಿಚಿತ್ರ ಅನಿಸುವುದು ಸಹಜ. ಕನ್ನಡದಲ್ಲಿ ಪದ ಬದಲಾಗುವುದು ಬಾಲದಲ್ಲಿ. ಬೆಕ್ಕು, ಬೆಕ್ಕಿನ, ಬೆಕ್ಕಿಗೆ, ಬೆಕ್ಕಿನಿಂದ. ತಲೆ ಅಲುಗಾಡುವುದಿಲ್ಲ, ಹಾಗಾಗಿ ನಿಘಂಟಿನಲ್ಲಿ ಹುಡುಕುವುದು ಕಷ್ಟವಲ್ಲ. ಆದರೆ ನಿಜಕ್ಕೂ ಅಲುಗಾಡುವುದಿಲ್ಲವಾ? ಕನ್ನಡ ನಿಘಂಟಿನಲ್ಲಿ ‘ದಾವರೆ’ ಹುಡುಕಿ ನೋಡಿ. ‘ಗನ್ನಡ’ ಹುಡುಕಿ. ಸಿಗುವುದಿಲ್ಲ. ಬೆಟ್ಟದಾವರೆ, ಹೊಸಗನ್ನಡ ಅಂತ ದಿನಾ ಹೇಳುತ್ತೇವೆ, ಬರೆಯುತ್ತೇವೆ. ಕಣ್ಣಿನ ಪನಿ ಕಂಬನಿ ಆಯಿತು, ಮಳೆಯ ಕಾಲ ಮಳೆಗಾಲ ಆಯಿತು. ಹೈಸ್ಕೂಲಿನಲ್ಲಿ ಆದೇಶ ಸಂಧಿ ಅಂತ ಕಲಿತದ್ದು ನೆನಪಿದೆಯಲ್ಲ, ‘ಕ ತ ಪ ಗಳ ಜಾಗದಲ್ಲಿ ಗ ದ ಬ’? ಐರಿಷ್‌ನ ‘ಕತ್’ ‘ಗತ್’ ಆಗುವುದು ಅಕ್ಷರಶಃ ಅದೇ. ಯಾರೂ ಯಾರಿಂದಲೂ ಕಲಿತದ್ದಲ್ಲ, ಮನುಷ್ಯನ ಬಾಯಿ ಎಲ್ಲ ಕಡೆಯೂ ಒಂದೇ ಥರ ಸೋಮಾರಿ, ಅಷ್ಟೇ.

ಈ ‘ಗತ್’ ಥರದ ಬದಲಾವಣೆಗೆ ಐರಿಷ್‌ನಲ್ಲಿ ‘ಉರೂ’ ಅಂತ ಹೆಸರು. ಉರೂ ಅಂದರೆ ಗ್ರಹಣ, ಸೂರ್ಯಗ್ರಹಣಕ್ಕೂ ಇದೇ ಪದ. ಒಂದು ಅಕ್ಷರ ಇನ್ನೊಂದರ ಮುಂದೆ ಬಂದು ನಿಂತು ಮುಚ್ಚಿಬಿಡುತ್ತದೆ. ಜಿ-ಸಿ-ಎ-ಟಿ ಅಂತ ಬರೆದಾಗ ಓದುವುದು ಜಿ ಮಾತ್ರ, ಹಿಂದಿನ ಸಿ ಗ್ರಹಣ ಹಿಡಿದ ಚಂದ್ರನ ಥರ, ಇದೆ ಆದರೆ ಕೇಳಿಸುವುದಿಲ್ಲ. ಈ ಉರೂವನ್ನು ಮಗಳಿಗೆ ಹೇಳಿಕೊಡಲು ನಿಮ್ಮ ಕೈಯಲ್ಲಿ ಐರಿಷ್ ಟೀಚರ್‌ಗಳ ಹತ್ರವೂ ಇಲ್ಲದ ಒಂದು ಉಪಕರಣ ಇದೆ. ವರ್ಣಮಾಲೆ. ಒಂದು ಹಾಳೆಯಲ್ಲಿ ಕ ಗ ಙ, ತ ದ ನ, ಪ ಬ ಮ ಅಂತ ಮೂರು ಸಾಲು ಬರೆಯಿರಿ, ಮಹಾಪ್ರಾಣ ಬಿಟ್ಟುಬಿಡಿ. ಉರೂ ಅಂದರೆ ಸಾಲಿನಲ್ಲಿ ಒಂದು ಮನೆ ಬಲಕ್ಕೆ ಸರಿಯುವುದು. ಕ ಇದ್ದರೆ ಗ, ಗ ಇದ್ದರೆ ಙ. ತ ಇದ್ದರೆ ದ, ದ ಇದ್ದರೆ ನ. ಪ ಇದ್ದರೆ ಬ, ಬ ಇದ್ದರೆ ಮ. ಅವರ ಪುಸ್ತಕದಲ್ಲಿ ಆರು ಬೇರೆ ಬೇರೆ ನಿಯಮಗಳ ಪಟ್ಟಿ ಇರುತ್ತದೆ, ನಮಗೆ ಕುಂಟೆಬಿಲ್ಲೆ ಆಟದ ಒಂದೇ ನೆಗೆತ. ಎಫ್ ಮಾತ್ರ ಹೊರಗಿನವನು, ಅದು ವ ಆಗುತ್ತದೆ.

ಙ ಬಗ್ಗೆ ಒಂದು ಮಾತು. ಚಿಕ್ಕವನಿದ್ದಾಗ ನಾನೂ ಕೇಳಿದ್ದೆ, ಈ ಅಕ್ಷರದಿಂದ ಶುರುವಾಗುವ ಪದ ಯಾವುದು ಅಂತ. ಮೇಷ್ಟ್ರು ಕಣ್ಣು ಬಿಟ್ಟರು. ಎಷ್ಟೋ ವರ್ಷ ಆದಮೇಲೆ ಐರ್ಲೆಂಡಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಗಾಲ್ವೇ ಊರಿಗೆ ಐರಿಷ್ ಹೆಸರು ‘ಗಲ್ಯಿವ್’. ‘ಇ’ ಅಂದರೆ ‘ಅಲ್ಲಿ’ ಅಥವಾ ‘ಒಳಗೆ’, ಅದರ ನಂತರ ಬರುವ ಪದಕ್ಕೆ ಉರೂ ಹಿಡಿಯುತ್ತದೆ. ಗಾಲ್ವೇಯಲ್ಲಿ ಅನ್ನಬೇಕಾದರೆ ‘ಇ ಙಲ್ಯಿವ್’. ಡಬ್ಲಿನ್‌ನ ಐರಿಷ್ ಹೆಸರಿನ ಮೊದಲ ಪದ ‘ಬಲ್ಯ’, ಅಂದರೆ ಊರು. ಡಬ್ಲಿನ್‌ನಲ್ಲಿ ಅನ್ನುವಾಗ ‘ಇ ಮಲ್ಯ’. ನಿಮ್ಮೂರಿನ ಬೋರ್ಡುಗಳಲ್ಲಿ ಚಿಕ್ಕ ಎಮ್ ಹಿಂದೆ ದೊಡ್ಡ ಬಿ ಇರುವುದು ನೋಡಿರುತ್ತೀರಿ, ಪ್ರಿಂಟಿಂಗ್ ತಪ್ಪು ಅಂದುಕೊಂಡಿರುತ್ತೀರಿ. ತಪ್ಪಲ್ಲ. ದೊಡ್ಡ ಅಕ್ಷರ ಊರಿನ ಹೆಸರಿನದು, ಮುಂದೆ ನಿಂತ ಚಿಕ್ಕದು ಗ್ರಹಣದ್ದು.

ಇನ್ನೊಂದು ಬದಲಾವಣೆ, ‘ಖತ್’ ಥರದ್ದು, ‘ಶೇವ್ಯೂ’. ಮೆತ್ತಗೆ ಮಾಡುವುದು ಅಂತ ಅರ್ಥ. ಬಾಯಿ ಪೂರ್ತಿ ಮುಚ್ಚಿ ಹೇಳಬೇಕಾದ ಅಕ್ಷರವನ್ನು ಅರ್ಧ ಮುಚ್ಚಿ ಹೇಳಿಬಿಡುವುದು. ಬ ಮತ್ತು ಮ ಎರಡೂ ವ ಆಗುತ್ತವೆ, ಪ ಇದ್ದದ್ದು ಫ್ಯಾನ್‌ನ ಫ ಆಗುತ್ತದೆ, ತ ಮತ್ತು ಸ ಬರೀ ಹ ಆಗುತ್ತವೆ, ಎಫ್ ಪೂರ್ತಿ ಮಾಯ. ಡಿ ಮತ್ತು ಜಿ ಗಂಟಲಲ್ಲಿ ಎಲ್ಲೋ ಕರಗುತ್ತವೆ, ಕೆಲವು ಕಡೆ ಯ ಆಗುತ್ತವೆ. ಇದೂ ನಮಗೆ ಹೊಸದಲ್ಲ. ಕೈ ಪಿಡಿದು ಅನ್ನುವುದು ‘ಕೈವಿಡಿದು’ ಆಯಿತು, ಮೆಲ್ಲನೆಯ ಮಾತು ಹಳಗನ್ನಡದಲ್ಲಿ ‘ಮೆಲ್ವಾತು’. ಬರೆಯುವಾಗ ಮೂಲ ಅಕ್ಷರದ ಪಕ್ಕ ಒಂದು ಎಚ್ ಸೇರಿಸುತ್ತಾರೆ. ಐರಿಷ್‌ನ ಸ್ವಂತ ಅಕ್ಷರಗಳು 18 ಮಾತ್ರ, ಅದರಲ್ಲಿ ವಿ ಇಲ್ಲ, ಡಬ್ಲ್ಯೂ ಇಲ್ಲ. ಹಾಗಾಗಿ ವ ಬೇಕಾದರೆ ಬಿ-ಎಚ್ ಅಥವಾ ಎಮ್-ಎಚ್ ಅಂತಲೇ ಬರೆಯಬೇಕು. ಹಿಂದೆ ಈ ಎಚ್ ಇರಲಿಲ್ಲ, ಅಕ್ಷರದ ತಲೆ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಡಬ್ಲಿನ್‌ನ ಹಳೇ ಬೀದಿಫಲಕಗಳಲ್ಲಿ ಆ ಚುಕ್ಕಿ ಇನ್ನೂ ಇದೆ. ನನಗೆ ಕೇಳಿದರೆ ಚುಕ್ಕಿಯೇ ಚೆನ್ನಾಗಿತ್ತು, ಪದ ಇಷ್ಟು ಉದ್ದ ಆಗುತ್ತಿರಲಿಲ್ಲ.

ಡಿಕ್ಷನರಿ ಸಮಸ್ಯೆ ಇಲ್ಲಿಗೆ ಮುಗಿಯಿತು. ಮೊದಲ ಅಕ್ಷರದ ಪಕ್ಕ ಎಚ್ ಇದ್ದರೆ ಎಚ್ ತೆಗೆಯಿರಿ. ಶುರುವಿನಲ್ಲಿ ಎಮ್-ಬಿ, ಜಿ-ಸಿ, ಎನ್-ಡಿ, ಬಿ-ಪಿ, ಡಿ-ಟಿ ಥರ ಬಾಯಲ್ಲಿ ಹೇಳಲಾಗದ ಜೋಡಿ ಇದ್ದರೆ ಮೊದಲನೆಯದನ್ನು ತೆಗೆಯಿರಿ. ಎನ್-ಜಿ ಇದ್ದರೂ ಹಾಗೇ. ಉಳಿದದ್ದು ಸಾಮಾನ್ಯವಾಗಿ ಡಿಕ್ಷನರಿಯಲ್ಲಿ ಇರುತ್ತದೆ. ಐರಿಷ್ ಬರವಣಿಗೆಯನ್ನು ಬೈಯುವವರೇ ಜಾಸ್ತಿ, ಆದರೆ ಈ ಒಂದು ವಿಷಯದಲ್ಲಿ ಅದು ತುಂಬಾ ದಯಾಳು. ಪಕ್ಕದ ವೆಲ್ಶ್ ಭಾಷೆಯಲ್ಲೂ ಇಂಥ ಬದಲಾವಣೆಗಳಿವೆ, ಆದರೆ ಅಲ್ಲಿ ‘ಕ’ ಹೋಗಿ ‘ಗ’ ಬಂದರೆ ಬರೀ ‘ಗ’ ಬರೆಯುತ್ತಾರೆ, ಮೂಲ ಯಾವುದು ಅಂತ ನೀವೇ ಊಹಿಸಬೇಕು.

ಈಗ ನಿಜವಾದ ಪ್ರಶ್ನೆ. ‘ಅ’ ಒಂದೇ ಇರುವಾಗ ಅವನದಕ್ಕೆ ಖ, ಅವಳದಕ್ಕೆ ಕ, ಅವರದಕ್ಕೆ ಗ ಯಾಕೆ? ಇಲ್ಲಿ ನಿಮ್ಮ ಅಕ್ಕಪಕ್ಕದ ಐರಿಷ್ ಅಪ್ಪ ಅಮ್ಮಂದಿರನ್ನು ಕೇಳಿದರೆ ಉಪಯೋಗ ಆಗುವುದು ಕಡಿಮೆ. ಅವರೂ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಐರಿಷ್ ಬರುತ್ತದೆ ಅಂದರು, ಶಾಲೆಯ ಹೊರಗೆ ದಿನಾ ಮಾತಾಡುತ್ತೇವೆ ಅಂದವರು 71,968 ಮಂದಿ. ಉತ್ತರ ಸಿಗುವುದು ಬೇರೆ ಕಡೆ, ನಿಮಗೆ ಗೊತ್ತಿರುವ ಸಂಸ್ಕೃತದ ಮೂರು ಪದಗಳಲ್ಲಿ: ಅಸ್ಯ, ಅಸ್ಯಾಃ, ಏಷಾಮ್. ಇವನ, ಇವಳ, ಇವರ. ಐರಿಷ್‌ನ ಮೂರು ‘ಅ’ಗಳು ಇವುಗಳ ದೂರದ ಅಣ್ಣತಮ್ಮಂದಿರು. ಸಂಸ್ಕೃತದಿಂದ ಹೋದದ್ದಲ್ಲ, ದಯವಿಟ್ಟು ಆ ವಾಟ್ಸಾಪ್ ಫಾರ್ವರ್ಡ್ ಶುರು ಮಾಡಬೇಡಿ. ಎರಡೂ ಒಂದೇ ಹಳೇ ಮನೆಯಿಂದ ಬೇರೆ ಬೇರೆ ದಿಕ್ಕಿಗೆ ಹೋದ ಭಾಷೆಗಳು.

ಕಿವಿಗೊಟ್ಟು ಕೇಳಿ. ‘ಅಸ್ಯ’ ಮುಗಿಯುವುದು ಸ್ವರದಲ್ಲಿ. ಎರಡು ಸ್ವರದ ನಡುವೆ ಸಿಕ್ಕಿಬಿದ್ದ ವ್ಯಂಜನ ಮೆತ್ತಗಾಗುತ್ತದೆ, ಹಾಗಾಗಿ ಅವನ ಬೆಕ್ಕು ‘ಖತ್’. ‘ಏಷಾಮ್’ ಮುಗಿಯುವುದು ಮ್‌ನಲ್ಲಿ. ಆ ಮೂಗಿನ ಸದ್ದು ಮುಂದಿನ ಅಕ್ಷರಕ್ಕೆ ಅಂಟಿಕೊಂಡಿತು, ಅವರ ಬೆಕ್ಕು ‘ಗತ್’ ಆಯಿತು. ‘ಅಸ್ಯಾಃ’ ಮುಗಿಯುವುದು ವಿಸರ್ಗದಲ್ಲಿ, ಮೂಲದಲ್ಲಿ ಅದು ಸ್. ಅದು ಮುಂದಿನ ವ್ಯಂಜನವನ್ನು ಕಾಪಾಡಿತು, ಅವಳ ಬೆಕ್ಕು ‘ಕತ್’ ಆಗಿಯೇ ಉಳಿಯಿತು. ಆಮೇಲೆ ಐರಿಷ್‌ನಲ್ಲಿ ಪದಗಳ ಬಾಲ ಉದುರಿಹೋಯಿತು. ಮೂರೂ ಸವೆದು ‘ಅ’ ಆದವು. ಆದರೆ ಉದುರುವ ಮೊದಲೇ ಬಾಲ ತನ್ನ ಗುರುತನ್ನು ಮುಂದಿನ ಪದದ ತಲೆ ಮೇಲೆ ಒತ್ತಿ ಹೋಗಿತ್ತು. ಮೀರಾಳ ಪುಸ್ತಕದಲ್ಲಿ ಇರುವುದು ಆ ಒತ್ತು. ಬೆಕ್ಕಿನ ತಲೆಯಲ್ಲಿ ಕಾಣುವುದು ಬೆಕ್ಕಿನದಲ್ಲ, ಅದರ ಹಿಂದಿನ ಪದದ ಬಾಲ.

ನಂಬಿಕೆ ಬರದಿದ್ದರೆ ಬೆಕ್ಕಿನ ಬದಲು ಅಪ್ಪನನ್ನು ಇಟ್ಟು ನೋಡಿ. ಅಪ್ಪನಿಗೆ ಐರಿಷ್‌ನಲ್ಲಿ ‘ಅಹಿರ್’, ಸ್ವರದಿಂದ ಶುರುವಾಗುವ ಪದ. ಅವನ ಅಪ್ಪ ‘ಅ ಅಹಿರ್’. ಅವಳ ಅಪ್ಪ ‘ಅ ಹಹಿರ್’, ನಡುವೆ ಹ ಬಂತು ನೋಡಿ, ವಿಸರ್ಗ ಇನ್ನೂ ಉಸಿರಾಡುತ್ತಿದೆ. ಅವರ ಅಪ್ಪ ‘ಅ ನಹಿರ್’, ಮೂಗಿನ ಸದ್ದು ಬಯಲಿಗೇ ಬಂತು. ನಾನು ಇದನ್ನು ಮೊದಲ ಸಲ ಬಿಡಿಸಿ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಶೋಧ ಏನಲ್ಲ, ಜರ್ಮನಿಯ ಭಾಷಾವಿಜ್ಞಾನಿ ಫ್ರಾನ್ಸ್ ಬಾಪ್ 1838ರಲ್ಲೇ ಸಂಸ್ಕೃತದ ಪಕ್ಕ ಇಟ್ಟು ತೋರಿಸಿದ್ದ. ಐರ್ಲೆಂಡಿನ ಹಳೇ ಓಗಮ್ ಶಾಸನಗಳಲ್ಲಂತೂ, ಕಲ್ಲಿನ ಅಂಚಿನಲ್ಲಿ ಗೀರು ಹಾಕಿ ಬರೆದ ನಾಲ್ಕು-ಐದು-ಆರನೇ ಶತಮಾನದವು, ಆ ಬಾಲಗಳು ಕಣ್ಣಿಗೇ ಕಾಣುತ್ತವೆ. ‘ಮಗನ’ ಅನ್ನುವುದಕ್ಕೆ ಅಲ್ಲಿ ‘ಮಕ್ವಿ’ ಅಂತಿದೆ, ಕೊನೆಯ ‘ಇ’ ಸಮೇತ. ಇವತ್ತು ಅದು ಬರೀ ‘ಮಿಕ್’.

ಈ ಒಂದು ಸೂತ್ರ ಹಿಡಿದುಕೊಂಡರೆ ಡಬ್ಲಿನ್ ಬೀದಿಯ ಅರ್ಧ ಬೋರ್ಡುಗಳು ಬಿಚ್ಚಿಕೊಳ್ಳುತ್ತವೆ. ಹಸಿರು ಅಂಚೆ ವ್ಯಾನಿನ ಮೇಲೆ ‘ಅನ್ ಪೋಸ್ಟ್’ ಅಂತಿದೆ. ಪೋಸ್ಟ್ ಆಫೀಸಿನ ಬಾಗಿಲ ಮೇಲೆ? ‘ಇಫಿಗ್ ಅನ್ ಫಿಶ್ಟ್’. ಅದೇ ಪೋಸ್ಟ್, ‘ಅಂಚೆಯ’ ಅಂತ ಷಷ್ಠಿ ಆದಾಗ ಮುಂದೆ ಪ ಹೋಗಿ ಫ, ಹಿಂದೆ ಸ್ಟ್ ಹೋಗಿ ಶ್ಟ್. ‘ಅನ್’ ಅಂದರೆ ಇಂಗ್ಲಿಷಿನ ದ. ಹಿಂದೊಮ್ಮೆ ಅದಕ್ಕೂ ಲಿಂಗ, ವಿಭಕ್ತಿಗೆ ತಕ್ಕ ಬಾಲಗಳಿದ್ದವು. ಪುಲ್ಲಿಂಗದ ಪ್ರಥಮಾದಲ್ಲಿ ಸ್, ಅದಕ್ಕೇ ಪೋಸ್ಟ್ ಪೋಸ್ಟ್ ಆಗಿಯೇ ಉಳಿಯಿತು. ಷಷ್ಠಿಯಲ್ಲಿ ದೀರ್ಘ ಈ, ಸ್ವರ, ಅದಕ್ಕೇ ಫ. ಹೆಂಗಸಿಗೆ ‘ಬ್ಯಾನ್’, ಸ್ತ್ರೀಲಿಂಗದಲ್ಲಿ ಪ್ರಥಮಾಕ್ಕೇ ಸ್ವರದ ಬಾಲ ಇತ್ತು, ಹಾಗಾಗಿ ‘ಅನ್ ವ್ಯಾನ್’. ‘ಹೆಂಗಸರ’ ಅನ್ನುವಾಗ ಬಾಲದಲ್ಲಿ ಮ್ ಇತ್ತು, ನಮ್ಮ ‘ದೇವಾನಾಮ್’ ಥರ, ಹಾಗಾಗಿ ‘ನ ಮನ್’. ದೇಶದ ಸ್ವಾತಂತ್ರ್ಯಕ್ಕಾಗಿ 1914ರಲ್ಲಿ ಶುರುವಾದ ಹೆಂಗಸರ ಸಂಘಟನೆಯ ಹೆಸರು ‘ಕುಮನ್ ನ ಮನ್’. ಅದರಲ್ಲಿ ಕೇಳಿಸುವುದು ಎಮ್, ಒಳಗೆ ಅಡಗಿರುವುದು ಬಿ. ನಾಣ್ಯದ ಮೇಲೆ ದೇಶದ ಹೆಸರು ‘ಏರ್ಯ’. 1937ರ ಸಂವಿಧಾನದ ಹೆಸರಿನಲ್ಲಿ ‘ಐರ್ಲೆಂಡಿನ’ ಅನ್ನಲು ‘ನ ಹೇರನ್’. ಮತ್ತೆ ಅದೇ ವಿಸರ್ಗ.

ಹಾಜರಿ ಪುಸ್ತಕ ನೋಡಿದರೆ ಇನ್ನೊಂದು ತಮಾಷೆ. ಒಂದೇ ಮನೆಯ ಅಣ್ಣ ‘ಓ ಬ್ರಿಯನ್’, ತಂಗಿ ‘ನೀ ವ್ರಿಯನ್’. ‘ಓ’ ಅಂದರೆ ಮೊಮ್ಮಗ, ವಂಶದವನು. ‘ನೀ’ ಅಂದರೆ ಆ ವಂಶದ ಮಗಳು, ಅದರ ನಂತರ ಬರುವ ಬ ವ ಆಗುತ್ತದೆ. ಮದುವೆಯಾಗಿ ಆ ಮನೆಗೆ ಬಂದವಳು ‘ಈ ವ್ರಿಯನ್’. 2011ರಿಂದ 14 ವರ್ಷ ಅಧ್ಯಕ್ಷರಾಗಿದ್ದ ಮೈಕಲ್ ಡಿ. ಹಿಗಿನ್ಸ್ ಅವರ ಹೆಸರಿನ ಹ ಕೂಡ ಹೀಗೇ ‘ಓ’ ಬಿಟ್ಟುಹೋದ ಹ, ಮೂಲ ಹೆಸರು ಸ್ವರದಿಂದ ಶುರುವಾಗುತ್ತದೆ.

ಬಾಲದ ಬದಲಾವಣೆಯೂ ಇದೆ, ಅದನ್ನು ಮರೆಯಬಾರದು. ಗಂಡಸು ‘ಫ್ಯಾರ್’, ಗಂಡಸರು ‘ಫಿರ್’. ಹೆಂಗಸು ‘ಬ್ಯಾನ್’, ಹೆಂಗಸರು ‘ಮ್ನಾ’. ನಾನು ಹೋದ ಹೊಸದರಲ್ಲಿ ಗಾಲ್ವೇಯ ಒಂದು ಹೋಟೆಲಿನಲ್ಲಿ ಟಾಯ್ಲೆಟ್ ಬಾಗಿಲ ಮೇಲೆ ಎಮ್-ಎನ್-ಎ ಅಂತ ನೋಡಿ, ಇಂಗ್ಲಿಷಿನ ಮೆನ್ ಹಿಂದುಮುಂದಾಗಿದೆ ಅಂದುಕೊಂಡು ಧೈರ್ಯವಾಗಿ ಒಳಗೆ ಹೋದೆ. ಒಳಗಿದ್ದ ಅಜ್ಜಿ ಕೈ ತೊಳೆಯುತ್ತಾ ಕನ್ನಡಿಯಲ್ಲೇ ನನ್ನನ್ನು ನೋಡಿ, ‘ಪಕ್ಕದ್ದು ನಿಂದು ಮಗಾ’ ಅನ್ನುವ ಥರ ತಲೆ ಆಡಿಸಿದರು. ಆ ಬಹುವಚನವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಕ್ರಿಯಾಪದದಲ್ಲೂ ತಲೆ ಬದಲಾವಣೆಯೇ ಕೆಲಸ ಮಾಡುತ್ತದೆ. ‘ಬ್ರಿಶ್’ ಅಂದರೆ ಮುರಿ, ‘ವ್ರಿಶ್’ ಅಂದರೆ ಮುರಿದ, ಮುರಿದಳು. ಮುಂದೆ ‘ದೊ’ ಅಂತ ಒಂದು ಪುಟ್ಟ ಪದ ಇತ್ತು. ದಕ್ಷಿಣದ ಮನ್‌ಸ್ಟರ್ ಕಡೆ ಈಗಲೂ ‘ದೊ ವ್ರಿಶ್’ ಅನ್ನುತ್ತಾರೆ, ಉಳಿದವರು ದೊ ನುಂಗಿದರು, ವ ಮಾತ್ರ ಉಳಿಯಿತು. ಹೆದರಬೇಡಿ, ನಿಯಮ ತಪ್ಪುವ ಕ್ರಿಯಾಪದಗಳು ಇಡೀ ಭಾಷೆಯಲ್ಲಿ 11 ಮಾತ್ರ.

ಎಣಿಸುವಾಗ ಒಂದು ಗಂಟು ಬರುತ್ತದೆ, ಮೀರಾ ಇಷ್ಟರಲ್ಲೇ ಕೇಳುತ್ತಾಳೆ. ಮೂರು ಬೆಕ್ಕು ‘ತ್ರೀ ಖತ್’, ಏಳು ಬೆಕ್ಕು ‘ಶಖ್ತ್ ಗತ್’. ಎರಡರಿಂದ ಆರರವರೆಗೆ ಶೇವ್ಯೂ, ಏಳರಿಂದ ಹತ್ತರವರೆಗೆ ಉರೂ. ಏಳಕ್ಕೆ ಯಾಕೆ ಅಂತ ಲ್ಯಾಟಿನ್ ಹೇಳುತ್ತದೆ, ಅಲ್ಲಿ ಏಳು ‘ಸೆಪ್ಟೆಮ್’. ನಮ್ಮ ‘ಸಪ್ತ’ ಕಳೆದುಕೊಂಡ ಮ್ ಅಲ್ಲಿ ಉಳಿದಿದೆ. ಆದರೆ ಎಂಟಕ್ಕೆ ಯಾವ ಕಾಲದಲ್ಲೂ ಮ್ ಇರಲಿಲ್ಲ. ಅಕ್ಕಪಕ್ಕದ ಏಳು, ಒಂಬತ್ತನ್ನು ನೋಡಿ ಅದೂ ಉರೂ ಕಲಿತುಬಿಟ್ಟಿತು, ಅಷ್ಟೇ. ಹಾಗಾಗಿ ಎಲ್ಲದಕ್ಕೂ ಇತಿಹಾಸದಲ್ಲಿ ಕಾರಣ ಹುಡುಕಲು ಹೋಗಬೇಡಿ. ಇನ್ನೊಂದು ಗಮನಿಸಿದಿರಾ? ಏಳು ಬೆಕ್ಕು ಅಂದಾಗಲೂ ಬೆಕ್ಕು ಏಕವಚನದಲ್ಲೇ ಇದೆ. ನಾವು ಹತ್ತು ರೂಪಾಯಿ, ಎಂಟು ದಿನ ಅನ್ನುವ ಹಾಗೆ. ‘ನನ್ನ ಹತ್ರ ಕಾರಿದೆ’ ಅನ್ನುವುದನ್ನೂ ಅವರು ಹಾಗೇ ಹೇಳುತ್ತಾರೆ, ‘ಇದೆ ಕಾರು ನನ್ನ ಹತ್ರ’, ‘ಹೊಂದಿದ್ದೇನೆ’ ಥರದ ಕ್ರಿಯಾಪದವೇ ಇಲ್ಲ. ಇಂಥ ಕಡೆ ಇಂಗ್ಲಿಷ್ ಮರೆತು ಕನ್ನಡದಿಂದ ನೇರ ಹೋಗಲು ಮಗಳಿಗೆ ಹೇಳಿ.

ಕೆಲವು ಕಡೆ ‘ಅನ್’ ಹಿಂದೆ ಬಂದರೂ ಪದ ಮೆತ್ತಗಾಗುವುದಿಲ್ಲ: ತ, ದ, ನ, ಲ, ಸ ಗಳಿಂದ ಶುರುವಾದಾಗ. ಅವು ದಂತ್ಯಗಳು, ಅನ್‌ನ ನ್ ಕೂಡ ದಂತ್ಯ, ನಾಲಿಗೆ ಈಗಾಗಲೇ ಅಲ್ಲೇ ಇದೆ, ಜರುಗುವ ಅಗತ್ಯ ಇಲ್ಲ. (ಸ ಕೆಲವೊಮ್ಮೆ ತ ಆಗಿ ಕಾಟ ಕೊಡುತ್ತದೆ, ಬೀದಿ ಅನ್ನುವ ‘ಸ್ರಾಜ್’ ‘ಅನ್ ತ್ರಾಜ್’ ಆಗುತ್ತದೆ, ಅದನ್ನು ಹಾಗೇ ನೆನಪಿಡುವುದೇ ವಾಸಿ.) ಇನ್ನು ‘ಮೇಜಿನ ಮೇಲೆ’ ಅನ್ನುವಂಥ ಕಡೆ (ಮೇಜಿನ ಐರಿಷ್ ಪದ ಶುರುವಾಗುವುದು ಬ ದಿಂದ) ಡೊನೆಗಾಲ್‌ನವರು ಶೇವ್ಯೂ ಹಾಕಿ ವ ಅನ್ನುತ್ತಾರೆ, ಗಾಲ್ವೇ, ಕೆರ‍್ರಿಯವರು ಉರೂ ಹಾಕಿ ಮ ಅನ್ನುತ್ತಾರೆ. ಎರಡೂ ಸರಿ. ಹೋದ ವರ್ಷದ ಟೀಚರ್ ಬೇರೆ, ಈ ವರ್ಷದವರು ಬೇರೆ ಹೇಳಿದರೆ ಅವರ ಊರು ಯಾವುದು ಅಂತ ಕೇಳಿ.

ಅಲ್ಲಿಗೆ ಟೀಚರ್ ವಿಷಯ ಬಂತು. ಸಂಬೋಧನೆ, ಅಂದರೆ ಯಾರನ್ನಾದರೂ ಕೂಗಿ ಕರೆಯುವುದು. ನಾವು ಕೂಗುವಾಗ ಬಾಲ ಎಳೆಯುತ್ತೇವೆ, ಅಕ್ಕಾ, ರಾಮಾ. ಅವರು ಹೆಸರಿನ ಮುಂದೆ ಒಂದು ‘ಅ’ ಹಾಕುತ್ತಾರೆ. ಇದು ನಾಲ್ಕನೆಯ ‘ಅ’, ಹಳೇ ಕಾಲದ ‘ಓ’, ಸ್ವರ. ಸ್ವರ ಅಂದಮೇಲೆ ಗೊತ್ತಲ್ಲ, ಮುಂದಿನದು ಮೆತ್ತಗಾಗಬೇಕು. ಶಾನ್‌ನನ್ನು ಕರೆಯುವಾಗ ‘ಅ ಹ್ಯಾನ್’. ಮಾರ್ಯಳನ್ನು ಕರೆಯುವಾಗ ‘ಅ ವಾರ್ಯ’. ಸ್ಕಾಟ್ಲೆಂಡಿನ ‘ಹೇಮಿಶ್’ ಅನ್ನುವ ಹೆಸರು ಹುಟ್ಟಿದ್ದೇ ಹೀಗೆ. ‘ಶೇಮಸ್’ನನ್ನು ಮನೆಯವರು ‘ಅ ಹೇಮಿಶ್’ ಅಂತ ಕೂಗುವುದನ್ನು ಕೇಳಿದವರು ಅದೇ ಹೆಸರು ಅಂದುಕೊಂಡರು.

ನಿಮ್ಮ ಮೀರಾ ‘ಅ ವೀರಾ’ ಆಗಿದ್ದಾಳೆ, ಅಷ್ಟೇ. ಟೀಚರ್‌ಗೆ ಹೆಸರು ಬಾಯಿಗೆ ಬರದೆ ಅಲ್ಲ, ತಮ್ಮೂರಿನ ಹುಡುಗಿಯನ್ನು ಕರೆದ ಹಾಗೆ ಕರೆಯುತ್ತಿದ್ದಾರೆ. ಹೊರಗಿನ ಹೆಸರುಗಳನ್ನು ಬದಲಾಯಿಸದೆ ಹಾಗೇ ಬಿಡುವುದೂ ಉಂಟು, ನಿಮಗೋ ಮೀರಾಗೋ ಇಷ್ಟ ಇಲ್ಲದಿದ್ದರೆ ಒಂದು ಮಾತು ಹೇಳಿ, ಬಿಡುತ್ತಾರೆ. ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಅವಳನ್ನು ಕರೆಯುವಾಗ ಅಲ್ಲ, ಅವಳ ಬಗ್ಗೆ ಬೇರೆಯವರ ಹತ್ರ ಮಾತಾಡುವಾಗ ಟೀಚರ್ ಏನನ್ನುತ್ತಾರೆ ಅಂತ ಮಗಳಿಗೇ ಕೇಳಿಸಿಕೊಳ್ಳಲು ಹೇಳಿ. ಅಲ್ಲಿ ಅವರು ಮೀರಾ ಅಂತಲೇ ಅನ್ನುತ್ತಿರುತ್ತಾರೆ.